ನಾಲಿಗೆಯ ಬುಡದಲ್ಲಿ ಉಳಿದದ್ದು

ತಮ್ಮ ನಾಲಿಗೆಯ ಬುಡವನ್ನು ತಾವೇ ಕಂಡವರು ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಾನಂತೂ ಮೂವತ್ತು ದಾಟುವವರೆಗೆ ಕಂಡಿರಲಿಲ್ಲ. ದಿನಾ ನಾಲಿಗೆ ಕೆರೆದುಕೊಂಡಿದ್ದೇನೆ, ಜ್ವರ ಬಂದಾಗ ಡಾಕ್ಟರ ಮುಂದೆ ‘ಆ’ ಅಂದಿದ್ದೇನೆ, ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ಖುಷಿಯನ್ನೂ ಪಟ್ಟಿದ್ದೇನೆ. ಅದರಾಚೆ, ನಾಲಿಗೆ ಗಂಟಲಿಗೆ ಇಳಿಯುವ ತಿರುವಿನಲ್ಲಿ ಏನಿದೆ ಎಂದು ಇಣುಕಬೇಕು ಅನ್ನಿಸಿದ್ದೇ ಇಲ್ಲ. ಅಲ್ಲಿ ಇರಬಾರದ್ದೊಂದು ನಾನು ಹುಟ್ಟುವ ಮೊದಲಿನಿಂದಲೂ ಕುಳಿತಿತ್ತು. ಅದು ಗೊತ್ತಾದ ದಿನ ಎದೆಗೆ ಬಿದ್ದ ಪೆಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಆಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅಕ್ಕಪಕ್ಕದವರನ್ನು ನಿಮಗೇನು ಕಾಯಿಲೆ ಎಂದು ಕೇಳುತ್ತಿದ್ದೆ. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಮೊಣಕಾಲು ನೋವು, ಒಬ್ಬರಿಗೆ ಕಿಡ್ನಿಯ ಕಲ್ಲು. ಎಲ್ಲರಿಗೂ ಅದೇ ರೋಗದ ಜೊತೆಗಾರರು ಇದ್ದರು. ನನ್ನದನ್ನು ಹೇಳಿದರೆ ಮಾತ್ರ “ಹಂಗೂ ಇರತೈತೇನವಾ?” ಎಂದು ಸ್ವಲ್ಪ ಸರಿದು ಕೂರುತ್ತಿದ್ದರು. ಇದೆ, ಹಾಗೂ ಇರುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ಹೆಸರು ಶೈಲಜಾ, ರೂಟಿನ ಜನಕ್ಕೆ ಶೈಲಕ್ಕ. ತವರು ರಾಣೇಬೆನ್ನೂರು, ಗಂಡನ ಮನೆ ಬ್ಯಾಡಗಿ, ನೌಕರಿ ಇವೆರಡನ್ನೂ ಹಾವೇರಿಗೆ ಜೋಡಿಸುವ ರಸ್ತೆಯ ಮೇಲೆ. ಕಂಡಕ್ಟರಿಗೆ ದನಿಯೇ ಬಂಡವಾಳ. “ಮೋಟೆಬೆನ್ನೂರ ಇಳಿಯವ್ರು ಮುಂದ ಬರ್ರಿ, ಲಗೂ” ಎಂದು ನಾನು ಒಮ್ಮೆ ಕೂಗಿದರೆ ನಿದ್ದೆ ಹೋದವರು ಎದ್ದು, ಇಳಿಯಬೇಕಿಲ್ಲದವರೂ ಚೀಲ ಎತ್ತಿಕೊಳ್ಳುತ್ತಿದ್ದರು. ಆ ದನಿಯ ಬಗ್ಗೆ ನನಗೆ ಸೊಕ್ಕೇ ಇತ್ತು.

ನಮ್ಮ ಅತ್ತೆಯದು ಬ್ಯಾಡಗಿಯಲ್ಲಿ ಖಾರದ ಗಿರಣಿ. ಮನೆಯ ಮುಂದಿನ ಕೋಣೆಯಲ್ಲಿ ಗಿರಣಿ, ಹಿಂದೆ ಸಂಸಾರ. ಬೇಸಿಗೆ ಬಂತೆಂದರೆ ವರ್ಷದ ಖಾರ ಮಾಡಿಸಲು ಡಬ್ಬಿ ಹಿಡಿದ ಹೆಂಗಸರ ಸಾಲು ಬೀದಿಯವರೆಗೆ ನಿಲ್ಲುತ್ತದೆ. ಅತ್ತೆ ಮತ್ತು ನನ್ನ ಗಂಡ ವೀರೇಶ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಂಪು ಧೂಳಿನಲ್ಲಿ ಓಡಾಡುತ್ತಾರೆ. ನಮ್ಮ ಊರಲ್ಲಿ ಗಂಟಲಿಗೆ ಬರುವುದು ಒಂದೇ ರೋಗ, ಘಾಟು. ಕೆಮ್ಮಿದರೆ ಘಾಟು, ಸೀನಿದರೆ ಘಾಟು, ದನಿ ಕೂತರೆ ಘಾಟು. ಮೆಣಸಿನಕಾಯಿ ಪೇಟೆಯಲ್ಲಿ ಬದುಕುತ್ತ ಗಂಟಲಿಗೆ ಬೇರೆ ಕಾರಣ ಹುಡುಕುವವರನ್ನು ಅಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮದುವೆಯಾಗಿ ಆರು ವರ್ಷದ ಮೇಲೆ ನಾನು ಬಸುರಾದೆ. ಅಷ್ಟು ವರ್ಷ ಕಾದವರಿಗೆ ಆ ಸುದ್ದಿ ಏನು ಎಂದು ಕಾದವರಿಗೇ ಗೊತ್ತು. ಅತ್ತೆ ಗಿರಣಿ ನಿಲ್ಲಿಸಿ, ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆಲ್ಲ ಸಕ್ಕರೆ ಹಂಚಿದರು. ಖಾರದ ಕೈಯಿಂದ ಕೊಟ್ಟ ಸಕ್ಕರೆ, ತಿಂದವರೆಲ್ಲ ಹಾ ಹಾ ಅನ್ನುತ್ತ ಹರಸಿದರು.

ಮೂರನೆಯ ತಿಂಗಳು ಮುಗಿಯುವಷ್ಟರಲ್ಲಿ ನನ್ನ ದನಿ ಬದಲಾಗತೊಡಗಿತು. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದಂತೆ. “ಹಾವೇರಿ, ಹಾವೇರಿ” ಎಂದು ಕೂಗಿದರೆ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು. ದಿನಾ ಬರುವ ಒಬ್ಬ ಮಾಸ್ತರರು “ಏನ್ ಶೈಲಕ್ಕಾ, ಬಾಯಾಗ ಉಂಡಿ ಇಟ್ಕೊಂಡ ಡ್ಯೂಟಿಗೆ ಬಂದೀರೇನು?” ಎಂದು ನಗಿಸಿದರು. ನಾನೂ ನಕ್ಕೆ. ಅನ್ನ ನುಂಗುವಾಗ ಏನೋ ಅಡ್ಡ ಬಂದಂತೆ ಆಗುತ್ತಿತ್ತು. ಮಲಗಿದರೆ ಗಂಟಲಲ್ಲಿ ಏನೋ ಹಿಂದಕ್ಕೆ ಜಾರಿದಂತೆ ಆಗಿ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ.

“ಘಾಟ ಹೊಡದೈತಿ ನಿನಗ” ಎಂದರು ಅತ್ತೆ. “ಬಸುರಿ ಮೈ ಅಲ್ಲೇನು, ಲಗೂ ಹಿಡಿತೈತಿ. ಬೆಲ್ಲ ಬಾಯಾಗ ಇಟ್ಕೋ, ಬಿಸಿ ಹಾಲಿಗೆ ತುಪ್ಪ ಹಾಕ್ಕೊಂಡ ಕುಡಿ.”

ಕುಡಿದೆ. ಗಿರಣಿ ಮತ್ತು ಮನೆಯ ನಡುವಿನ ಬಾಗಿಲಿಗೆ ವೀರೇಶ ದಪ್ಪನೆಯ ತಾಡಪತ್ರಿಯ ಪರದೆ ಹೊಡೆದ. ದನಿ ಇನ್ನಷ್ಟು ಕೆಟ್ಟಿತು.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಹೆರಿಗೆ ಡಾಕ್ಟರ್ ಮೊದಲ ತಪಾಸಣೆಯಲ್ಲೇ ರಕ್ತ ನೋಡಿ, ಥೈರಾಯ್ಡ್ ಸ್ವಲ್ಪ ಕಡಿಮೆ ಇದೆ ಎಂದು ಸಣ್ಣ ಮಾತ್ರೆಯೊಂದನ್ನು ಕೊಟ್ಟಿದ್ದರು. ನನ್ನ ಜೊತೆಯ ಎಷ್ಟೋ ಹೆಂಗಸರು ಅದನ್ನೇ ನುಂಗುತ್ತಾರೆ, ಯಾರೂ ಗಾಬರಿಯಾಗಲಿಲ್ಲ. ಥೈರಾಯ್ಡ್ ಅಂದರೆ ಕುತ್ತಿಗೆ ಊದುವುದು ಎಂದಷ್ಟೇ ನಮಗೆ ಗೊತ್ತು. ಅತ್ತೆ ನನ್ನನ್ನು ಬೆಳಕಿಗೆ ಎಳೆದು ನಿಲ್ಲಿಸಿ, ಗದ್ದ ಎತ್ತಿ, ಕುತ್ತಿಗೆಯನ್ನು ಸವರಿ ನೋಡಿದರು. “ಕೊಳ್ಳಾಗ ಏನೂ ಇಲ್ಲ ತಗೋ. ನುಣ್ಣಗ ಐತಿ” ಎಂದರು. ಅವರಿಗೆ ನನ್ನ ಕುತ್ತಿಗೆಯ ಮೇಲೆ ಮೊದಲಿನಿಂದಲೂ ಅಭಿಮಾನ. ಹೆಣ್ಣು ನೋಡಲು ಬಂದ ದಿನ ಬೇರೇನನ್ನೂ ಹೊಗಳದವರು ನಮ್ಮವ್ವನಿಗೆ, “ಹುಡುಗಿ ಕೊಳ್ಳು ಭಾಳ ಚಂದ ಐತ್ರಿ, ಸರ ಹಾಕಿದ್ರ ಎದ್ದ ಕಾಣತೈತಿ” ಎಂದಿದ್ದರು. ಆ ಮಾತನ್ನು ನಾನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡು ಮೆರೆದಿದ್ದೇನೆ.

ಐದನೆಯ ತಿಂಗಳಲ್ಲಿ ತವರಿನ ಕುಬಸ. ರಾಣೇಬೆನ್ನೂರಿನ ನಮ್ಮ ಮನೆಯಲ್ಲಿ ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ, ಮಣೆಯ ಮೇಲೆ ಕೂರಿಸಿದರು. ಉಡಿ ತುಂಬಿದ ಮೇಲೆ ಬಂದ ಮುತ್ತೈದೆಯರೆಲ್ಲ ಬಸುರಿಗೆ ಒಂದೊಂದು ತುತ್ತು ತಿನ್ನಿಸುತ್ತಾರೆ. ಅದನ್ನು ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಕೂಸಿಗೆ ಬಯಕೆ ಉಳಿಯುತ್ತದೆ ಎಂದು ನಂಬಿಕೆ. ಒಬ್ಬರು ಹೋಳಿಗೆ ಕೊಟ್ಟರು, ಹೇಗೋ ನುಂಗಿದೆ. ಒಬ್ಬರು ಮಾದಲಿಯ ಸಿಹಿ ಪುಡಿಯನ್ನು ಒಣದಾಗಿಯೇ ಚಿಟಿಕೆ ತುಂಬ ಬಾಯಿಗೆ ಹಾಕಿದರು, ಕಣ್ಣಲ್ಲಿ ನೀರು ಬಂತು. ಆಮೇಲೆ ಕುಪ್ಪೇಲೂರಿನ ಸೋದರತ್ತೆ, ತಾನೇ ಕರಿದ ಚಕ್ಕುಲಿಯನ್ನು ದೊಡ್ಡದಾಗಿ ಮುರಿದು ತುರುಕಿದಳು.

“ತಿನ್ನವಾ, ನಾಚ್ಕೋಬ್ಯಾಡ. ಇಬ್ಬರದು ತಿನ್ನಬೇಕ ನೀ.”

ಅರ್ಧ ಅಗಿದದ್ದು ಗಂಟಲ ಬಾಯಲ್ಲಿ ಸಿಕ್ಕಿಕೊಂಡಿತು. ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಬಾಯಿಗೆ ಅಡ್ಡ ಹಿಡಿದ ಕೈ ಬೆಚ್ಚಗಾಯಿತು, ನೋಡಿದರೆ ಅಂಗೈ ತುಂಬ ರಕ್ತ. ಹಸಿರು ಸೀರೆಯ ಮೇಲೆ, ಉಡಿಯ ಅಕ್ಕಿಯ ಮೇಲೆ, ಬಳೆಗಳ ನಡುವೆ ರಕ್ತ. ಹಾಡುತ್ತಿದ್ದವರು ನಡುಹಾಡಿನಲ್ಲೇ ನಿಲ್ಲಿಸಿದರು. ಯಾರೋ ಆರತಿ ತಟ್ಟೆಯನ್ನು ಕೆಳಗಿಟ್ಟರು. ನಾನು ಮೊದಲು ಮಾಡಿದ ಕೆಲಸ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡದ್ದು, ರಕ್ತ ಬಂದದ್ದು ಬಾಯಿಂದ ಎಂಬುದು ಆ ಕ್ಷಣಕ್ಕೆ ನನ್ನ ತಲೆಗೆ ಹೋಗಲೇ ಇಲ್ಲ.

ನಮ್ಮವ್ವ ಕೂಗಲಿಲ್ಲ. ಸೆರಗಿನಿಂದ ನನ್ನ ಬಾಯಿ ಒರೆಸಿ, ಮುಕ್ಕಳಿಸಲು ನೀರು ಕೊಟ್ಟು, ಎಲ್ಲರ ಎದುರಿಗೇ ಅತ್ತೆಯನ್ನು ನೋಡಿ, “ಬೀಗತಿಯವರ, ಇದು ಘಾಟ ಅಲ್ರಿ” ಎಂದಳು.

ಮರುದಿನವೇ ಹಾವೇರಿಗೆ ಹೋದೆವು, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ. ನನ್ನದೇ ರೂಟಿನ ಬಸ್ಸು, ನನ್ನದೇ ಸೀಟಿನಲ್ಲಿ ಬೇರೆ ಕಂಡಕ್ಟರ್. ಅವ್ವ, ಅತ್ತೆ, ವೀರೇಶ ಮೂವರೂ ಬಂದರು. ಡಾಕ್ಟರ್ ಬಟ್ಟೆಯಿಂದ ನನ್ನ ನಾಲಿಗೆಯನ್ನು ಹಿಡಿದೆಳೆದು, ಉದ್ದ ಹಿಡಿಕೆಯ ಪುಟ್ಟ ಕನ್ನಡಿಯನ್ನು ಒಳಗೆ ಇಟ್ಟರು. ಬಹಳ ಹೊತ್ತು ನೋಡಿದರು. ಆಮೇಲೆ ವೀರೇಶನನ್ನು ಕರೆದು ಅವನಿಗೂ ತೋರಿಸಿದರು. ಅವನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ನನಗೂ ತೋರಿಸಿ ಎಂದು ಹಟ ಹಿಡಿದೆ. ಕೊನೆಗೆ ಕನ್ನಡಿಗೆ ಕನ್ನಡಿ ಹಿಡಿದು ತೋರಿಸಿದರು. ನಾಲಿಗೆ ಮುಗಿಯುವಲ್ಲಿ ನೇರಳೆಹಣ್ಣಿನ ಗಾತ್ರದ ಕೆಂಪು ಗಡ್ಡೆ, ಮೇಲೆಲ್ಲ ರಕ್ತನಾಳಗಳ ಜಾಲ, ಒಂದು ಕಡೆ ಹಿಂದಿನ ದಿನದ ಗಾಯ. ಅದು ನನ್ನ ಬಾಯಿ ಎಂದು ನಂಬಲು ಆಗಲಿಲ್ಲ.

“ಗಡ್ಡಿ ಐತಿ” ಎಂದರು ಡಾಕ್ಟರ್. “ಏನು ಎತ್ತ ಅಂತ ಈಗ ಹೇಳಾಕ ಬರಂಗಿಲ್ಲ. ಸಣ್ಣ ತುಂಡ ತಗದು ಪರೀಕ್ಷಾಕ ಕಳಸಬೇಕು. ಆಮ್ಯಾಲ ಪೂರ್ತಿ ತಗಿಯೋ ವಿಚಾರ ಮಾಡೂಣು. ಅದಕ್ಕೂ ಮೊದಲ ಕುತ್ತಿಗಿದೊಂದು ಸ್ಕ್ಯಾನ್ ಮಾಡಸ್ರಿ.”

ಪರೀಕ್ಷೆಗೆ ಕಳಿಸುವುದು ಎಂಬ ಮಾತಿನ ಅರ್ಥ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, “ಅದು” ಎನ್ನುತ್ತಾರೆ. ಹೊರಗೆ ಬೆಂಚಿನ ಮೇಲೆ ಕುಳಿತಾಗ ವೀರೇಶ ಮೆಲ್ಲಗೆ, “ಅದು ಇರಲಿಕ್ಕಿಲ್ಲ ಬಿಡು” ಎಂದ. ನನಗೆ ಸಿಟ್ಟು ಬಂತು. ಆರು ವರ್ಷ ಕೊಡದೆ ಇದ್ದು, ಈಗ ಕೊಟ್ಟು, ಜೊತೆಗೆ ಇದನ್ನೂ ಕೊಟ್ಟನಲ್ಲ ದೇವರು ಎಂದು ಹಲ್ಲು ಕಚ್ಚಿಕೊಂಡೆ. ನಾನು ಸತ್ತರೂ ಸರಿ, ಮಗು ಹೊರಗೆ ಬರುವವರೆಗೆ ತಡೆದರೆ ಸಾಕು ಎಂದು ಎಣಿಕೆ ಹಾಕುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ಏನೂ ಕೇಳದೆ ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದಳು. ನುಂಗಲಾಗದ ನಾನು ಅವನ್ನು ಮುಷ್ಟಿಯಲ್ಲೇ ಹಿಡಿದು ಸ್ಕ್ಯಾನಿಂಗಿಗೆ ಹೋದೆ.

ಸ್ಕ್ಯಾನ್ ಮಾಡುವ ಮೇಡಂ ನನಗೆ ಪರಿಚಯದವರೇ, ಮಗುವನ್ನು ಮೊದಲು ತೋರಿಸಿದವರು. ಹೊಟ್ಟೆಗೆ ಹಚ್ಚುವ ಅದೇ ತಣ್ಣನೆಯ ಅಂಟನ್ನು ಈ ಸಲ ಕುತ್ತಿಗೆಗೆ ಹಚ್ಚಿದರು. ಯಂತ್ರವನ್ನು ಬಲಕ್ಕೆ ಒತ್ತಿದರು, ಎಡಕ್ಕೆ ಒತ್ತಿದರು, ಮತ್ತೆ ಬಲಕ್ಕೆ ಬಂದರು. ಏನನ್ನೋ ಕಳೆದುಕೊಂಡವರಂತೆ ಹುಡುಕುತ್ತಿದ್ದರು.

“ಭಾಳ ಹರಡೇತೇನ್ರಿ ಮೇಡಂ?” ಎಂದೆ.

“ಹರಡೋದಲ್ಲ” ಎಂದರು ಅವರು. ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನಿಮಗ ಮೊದಲ ಎಂದಾದ್ರೂ ಕುತ್ತಿಗಿ ಆಪರೇಶನ್ ಆಗೇತೇನ್ರಿ?”

“ಇಲ್ರಿ.”

“ಖರೇನ? ಸಣ್ಣಾಕಿ ಇದ್ದಾಗ?”

ನಮ್ಮವ್ವನನ್ನು ಒಳಗೆ ಕರೆಸಿ ಕೇಳಿದರು. ಅವಳೂ ಇಲ್ಲ ಅಂದಳು. ಆಗ ಮೇಡಂ ಯಂತ್ರವನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ, “ನಿಮ್ಮ ಥೈರಾಯ್ಡ್ ಇರೋ ಜಾಗದಾಗ ಇಲ್ರಿ. ಇಲ್ಲಿ ಖಾಲಿ ಐತಿ” ಎಂದರು.

ಇರಬಾರದ್ದು ಇದೆ ಎಂಬ ಮಾತಿಗೆ ಮನಸ್ಸು ಹೇಗೋ ಸಿದ್ಧವಾಗಿತ್ತು. ಇರಬೇಕಾದದ್ದು ಇಲ್ಲ ಎಂಬ ಮಾತಿಗೆ ಎಲ್ಲಿಂದ ಸಿದ್ಧವಾಗಲಿ? ಅತ್ತೆ ಹೊಗಳಿದ್ದ ಆ ನುಣ್ಣನೆಯ ಕುತ್ತಿಗೆಗೆ ಕೈ ಹೋಯಿತು. ಅಂಟು ಅಂಟಾಗಿತ್ತು. ಮುಷ್ಟಿಯಲ್ಲಿದ್ದ ಶೇಂಗಾ ಕಾಳು ನೆಲಕ್ಕೆ ಬಿದ್ದು ಉರುಳಿದವು.

ಗಂಟಲಿನ ಡಾಕ್ಟರ್ ಆ ಚಿತ್ರಗಳನ್ನು ನೋಡಿದ ಕೂಡಲೇ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಪುಣ್ಯಾಕ ತುಂಡ ತಗೀಲಿಲ್ಲ” ಎಂದು ತಮಗೇ ಹೇಳಿಕೊಂಡರು. ಆಮೇಲೆ ನಮ್ಮ ನಾಲ್ವರಿಗೂ ಕೂರಲು ಹೇಳಿ ವಿವರಿಸಿದರು. ನಾನು ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಾಯಿಯ ಹೊಟ್ಟೆಯಲ್ಲಿ ಎಲ್ಲರ ಥೈರಾಯ್ಡ್ ಗ್ರಂಥಿಯೂ ಹುಟ್ಟುವುದು ನಾಲಿಗೆಯ ಬುಡದಲ್ಲೇ. ಅಲ್ಲಿಂದ ಅದು ಮೆಲ್ಲಗೆ ಕೆಳಗಿಳಿದು ಕುತ್ತಿಗೆಗೆ ಬಂದು ನೆಲೆಸಬೇಕು. ಎಲ್ಲಿ ಹುಟ್ಟಬೇಕು, ಯಾವಾಗ ಹೊರಡಬೇಕು ಎಂದು ತಿಳಿಸಲು ಕೆಲವು ಜೀನ್‌ಗಳು, ಅವು ಮಾಡಿಸುವ ಪ್ರೋಟೀನ್‌ಗಳು ಇರುತ್ತವಂತೆ. ನನ್ನಲ್ಲಿ ಆ ಅಪ್ಪಣೆ ಎಲ್ಲೋ ತಪ್ಪಿತು, ಯಾಕೆ ಎಂದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲವಂತೆ. ಬಸ್ಸು ಹೊರಟರೂ ಹತ್ತದೆ ಸ್ಟ್ಯಾಂಡಿನ ಕಟ್ಟೆಯ ಮೇಲೇ ಕುಳಿತ ಪ್ರಯಾಣಿಕನ ಹಾಗೆ ನನ್ನ ಗ್ರಂಥಿ ನಾಲಿಗೆಯ ಬುಡದಲ್ಲೇ ಉಳಿಯಿತು. ಅಲ್ಲಿಂದಲೇ ತನ್ನ ಕೈಲಾದಷ್ಟು ದುಡಿದು ನನ್ನನ್ನು ಇಷ್ಟು ದಿನ ಬೆಳೆಸಿತು. ಬಸುರಾದ ಮೇಲೆ ಇಬ್ಬರಿಗೆ ದುಡಿಯಬೇಕಾಗಿ ಬಂತು, ಅದಕ್ಕೇ ಊದಿತು. ನಾವು ಕತ್ತರಿಸಿ ಬಿಸಾಡಲು ಹೊರಟಿದ್ದು ನನಗೆ ಇದ್ದ ಒಂದೇ ಥೈರಾಯ್ಡನ್ನು.

“ಅಂದ್ರ ‘ಅದು’ ಅಲ್ಲೇನ್ರಿ?” ಎಂದ ವೀರೇಶ.

“ಅಲ್ಲ ಅಂತನ ನನಗ ಅನಸ್ತೈತಿ. ಎಂಆರ್‌ಐ ಒಂದ ಮಾಡಿಸಿ ಖಾತ್ರಿ ಮಾಡ್ಕೊಳ್ಳೂಣು.” ಮುಂದೆ ಅದೂ ಆಯಿತು, ‘ಅದು’ ಅಲ್ಲ ಎಂಬುದು ಖಾತ್ರಿಯಾಯಿತು.

ವೀರೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಅತ್ತೆ ಮಾತ್ರ ಸೋಲೊಪ್ಪಲಿಲ್ಲ. “ಘಾಟಿಗೆ ಹೆದರಿ ಕೆಳಗ ಇಳದಿಲ್ಲೇನೋ ನೋಡ್ರಿ ಸಾಹೇಬ್ರ” ಎಂದರು. ನಾನು ಹುಟ್ಟಿದ್ದು ರಾಣೇಬೆನ್ನೂರಿನಲ್ಲಿ, ಆಗ ನಿಮ್ಮ ಗಿರಣಿಯ ಹೆಸರೂ ನಮಗೆ ಗೊತ್ತಿರಲಿಲ್ಲ ಎಂದು ನೆನಪಿಸಿದೆ. ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ನನಗೆ ಇನ್ನೊಂದು ವಿಷಯ ಹೊಳೆಯಿತು. ಇಬ್ಬರಿಗೆ ದುಡಿಯಬೇಕಾಗಿ ಬಂತು ಎಂದರಲ್ಲ ಡಾಕ್ಟರ್, ಹಾಗಾದರೆ ಸಾಲದೆ ಹೋದಾಗ ಕಡಿಮೆ ಬಿದ್ದದ್ದು ಯಾರಿಗೆ?

“ಕೂಸಿಗೆ ಏನಾರ ಆಗಿರತೈತೇನ್ರಿ?” ಎಂದೆ.

ಮೊದಲ ಕೆಲವು ತಿಂಗಳು ಮಗುವಿಗೆ ತನ್ನ ಗ್ರಂಥಿಯ ಆಸರೆ ಇರುವುದಿಲ್ಲ, ಮಿದುಳು ಬೆಳೆಯಲು ಬೇಕಾದ ಥೈರಾಯ್ಡ್ ಹಾರ್ಮೋನನ್ನು ತಾಯಿಯ ರಕ್ತದಿಂದಲೇ ಪಡೆಯುತ್ತದೆ ಎಂದರು ಡಾಕ್ಟರ್. ನಾನು ಸಣ್ಣ ಮಾತ್ರೆ ತೆಗೆದುಕೊಂಡದ್ದು ಒಳ್ಳೆಯದಾಯಿತು, ಆದರೆ ಅಷ್ಟು ಸಾಕಾಗಿಲ್ಲ ಎಂದು ಆ ಬೆಳಿಗ್ಗೆ ಮಾಡಿಸಿದ ರಕ್ತ ಪರೀಕ್ಷೆ ಹೇಳುತ್ತಿತ್ತು. ಇವತ್ತಿನಿಂದಲೇ ಮಾತ್ರೆ ಹೆಚ್ಚಿಸೋಣ, ಗಡ್ಡೆಯೂ ಇಳಿಯುತ್ತದೆ ಎಂದರು. “ಹಿಂದಿನದಕ್ಕ ಈಗ ನಾ ಏನೂ ಹೇಳಾಕ ಬರಂಗಿಲ್ಲವಾ. ಎಷ್ಟೋ ಮಕ್ಕಳು ಆರಾಮ ಇರತಾವು. ಹುಟ್ಟಿದ ಮ್ಯಾಲ ನೋಡೂಣು.”

ಆ ತಿಂಗಳುಗಳು ಮುಗಿದು ಹೋಗಿದ್ದವು. ನಾನು ಬೆಲ್ಲ ಚೀಪುತ್ತ, ತುಪ್ಪ ಹಾಕಿದ ಹಾಲು ಕುಡಿಯುತ್ತ, ದನಿ ಕೂತಿತೆಂದು ಪ್ರಯಾಣಿಕರ ಜೊತೆ ನಗುತ್ತ ಅವನ್ನು ಕಳೆದುಬಿಟ್ಟಿದ್ದೆ. ‘ಅದು’ ಅಲ್ಲ ಎಂದು ತಿಳಿದ ಮೇಲೆ ಮನೆಯವರೆಲ್ಲ ಗೆದ್ದೆವೆಂದು ನಿಟ್ಟುಸಿರು ಬಿಟ್ಟರು. ನನಗೆ ನಿಜವಾದ ಭಯ ಶುರುವಾದದ್ದು ಆವತ್ತೇ. ಮಗು ಒದ್ದಾಗಲೆಲ್ಲ ಇದು ತಿಳಿದು ಒದೆಯುತ್ತಿದೆಯೋ ಸುಮ್ಮನೆ ಒದೆಯುತ್ತಿದೆಯೋ ಎಂದು ಯೋಚಿಸುತ್ತಿದ್ದೆ. ಹುಚ್ಚು ಯೋಚನೆ, ಗೊತ್ತು. ಆದರೂ ಬಿಡುತ್ತಿರಲಿಲ್ಲ.

ಮುಂದಿನ ಭೇಟಿಗೆ ನನ್ನ ಜೊತೆ ಅವ್ವ ಒಬ್ಬಳೇ ಬಂದಳು. ಡಾಕ್ಟರ್ ನನ್ನ ಗಂಟಲು ನೋಡಿ ಮುಗಿಸಿದರೂ ಅವಳು ಏಳಲಿಲ್ಲ. ಸೆರಗಿನ ತುದಿ ಹಿಂಡುತ್ತ ಕುಳಿತಿದ್ದಳು.

“ಸಾಹೇಬ್ರ, ಒಂದ ಮಾತ ಕೇಳ್ತೇನಿ. ನನ್ನ ಕೈಯಿಂದನ ಹಿಂಗಾತೇನ್ರಿ ಇಕಿಗೆ?”

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವಳ ತವರು ಮೇಡ್ಲೇರಿ. ನಾನು ಹೊಟ್ಟೆಯಲ್ಲಿದ್ದ ಕಾಲಕ್ಕೆ ಅವಳು ಅಲ್ಲಿ ಬೀಜದ ಹತ್ತಿಯ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಕಡೆಯವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಸಂಜೆ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರವನ್ನೆಲ್ಲ ಕಿತ್ತು ತೆಗೆಯುವುದು, ಬೆಳಿಗ್ಗೆ ಬೇರೆ ಗಿಡದ ಹೂ ತಂದು ಅದಕ್ಕೆ ಸವರುವುದು. ಹಾಗೆ ಕಟ್ಟಿದ ಕಾಯಿಯ ಬೀಜ ಊರೂರಿಗೆ ಹೋಗುತ್ತದೆ.

“ಇಕಿ ಹೊಟ್ಯಾಗ ಇದ್ದಾಗ ದಿನಾ ಮಗ್ಗಿ ಹೊಟ್ಟಿ ಸೀಳೇನ್ರಿ ನಾ. ಒಳಗಿಂದ ಕಿತ್ತ ಕಿತ್ತ ಒಗದೇನಿ. ಒಂದರ ಹೊಟ್ಯಾಗಿಂದ ತಗದು ಇನ್ನೊಂದಕ್ಕ ಹಾಕೇನಿ. ನನ್ನ ಮಗಳ ಹೊಟ್ಯಾಗಿನ ಜೋಡಣಿ ಅದಕ್ಕ ತಪ್ಪಿತೇನೋ ಅಂತ…”

ಕುಬಸದ ದಿನ ನನ್ನ ರಕ್ತ ಕಂಡೂ ಅಳದವಳು ಅವಳು. ಸ್ಕ್ಯಾನಿನ ದಿನದಿಂದ ಇದನ್ನು ಒಳಗೇ ಇಟ್ಟುಕೊಂಡು ನನಗೆ ಗಂಜಿ ಕಾಯಿಸಿ ಕುಡಿಸುತ್ತಿದ್ದಳು. ನಾನು ದಂಗಾಗಿ ಅವಳ ಹೆಬ್ಬೆರಳನ್ನೇ ನೋಡಿದೆ. ಅವಳ ಉಗುರು ದಪ್ಪಗಾಗಿ ಒಂದು ಕಡೆ ವಾಲಿರುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಡಾಕ್ಟರ್ ನಗಲಿಲ್ಲ, ಬೈಯಲಿಲ್ಲ. “ಅವ್ವಾರ, ಇಲ್ಲಿ ಕೇಳ್ರಿ. ಆ ಗ್ರಂಥಿ ಇಳಿಯೋದು ಭಾಳ ಮುಂಚೆ. ಆವಾಗ ಇವರು ಹೊಟ್ಯಾಗ ಹೆಸರಕಾಳಿನಷ್ಟ ಇದ್ರು. ಬಸುರಾಗೇನಿ ಅನ್ನೋದು ನಿಮಗನ ಖಾತ್ರಿ ಇದ್ದಿಲ್ಲ. ನೀವು ಕೆಲಸಕ್ಕ ಹೋಗ್ರಿ, ಮನ್ಯಾಗ ಗಾದಿ ಮ್ಯಾಲ ಕುಂದರ್ರಿ, ಆಗೋದು ಆಗತಿತ್ತು.”

“ನಾ ಏನೂ ಮಾಡಿಲ್ಲಂದಂಗಾತು?”

“ಏನೂ ಮಾಡಿಲ್ಲ ನೀವು.”

“ಖರೇನ್ರಿ?”

“ಖರೇ.”

ಅವ್ವ ಎದ್ದು ಕೈ ಮುಗಿದಳು. ಬಸ್ಸಿನಲ್ಲಿ ಕುಳಿತ ಮೇಲೆ ನನ್ನ ಭುಜಕ್ಕೆ ತಲೆಯಿಟ್ಟು, ರಾಣೇಬೆನ್ನೂರು ಬರುವವರೆಗೆ ನಿದ್ದೆ ಮಾಡಿದಳು. ಅವಳಿಗೆ ಸಿಕ್ಕ ಸಮಾಧಾನ ನನಗೆ ಸಿಗಲಿಲ್ಲ. ಹೆಸರುಕಾಳಿನಷ್ಟಿದ್ದಾಗಲೇ ಎಲ್ಲ ಆಗಿಬಿಡುತ್ತದೆ ಅನ್ನುವುದಾದರೆ ನನ್ನ ಹೊಟ್ಟೆಯಲ್ಲೂ ಆಗುವುದೆಲ್ಲ ಆಗಿಯೇ ಇರಬೇಕಲ್ಲ. ಕಿಟಕಿಯಾಚೆ ನಾನು ದಿನಾ ಹೆಸರು ಕೂಗುವ ಊರುಗಳು ಹೋಗುತ್ತಿದ್ದವು. ಅವತ್ತು ಒಂದರ ಹೆಸರೂ ನೆನಪಿಗೆ ಬರಲಿಲ್ಲ.

ಮಾತ್ರೆಯಿಂದ ಗಡ್ಡೆ ಒಂದಿಷ್ಟು ಕುಗ್ಗಿತು, ರಕ್ತದ ಲೆಕ್ಕ ಸರಿಗೆ ಬಂತು. ಹೆರಿಗೆ ಹಾವೇರಿಯಲ್ಲೇ ಆಯಿತು. ಸಿಜೇರಿಯನ್ ಮಾಡಬೇಕಾಯಿತು. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಗಂಟಲೊಳಗೆ ಕೊಳವೆ ಇಳಿಸಬೇಕು, ದಾರಿಯಲ್ಲಿ ಗಡ್ಡೆ ಕುಳಿತಿದೆ, ಅದಕ್ಕೆ ಬೆನ್ನಿಗೇ ಸೂಜಿ ಕೊಡುತ್ತೇನೆ ಎಂದರು ಅರಿವಳಿಕೆ ಕೊಡುವ ಮೇಡಂ. ನನ್ನ ತಲೆಯ ಹತ್ತಿರ ಕುಳಿತು ಕೈ ಹಿಡಿದುಕೊಂಡು, “ನೀವು ಕಂಡಕ್ಟರ್ ಅಂತಲ್ರಿ? ಮಾತಾಡ್ಕೋತ ಇರ್ರಿ, ನಿಮ್ಮ ದನಿ ಕೇಳ್ತಿದ್ರ ನನಗ ಧೈರ್ಯ. ಸ್ಟಾಪ್ ಹೆಸರು ಹೇಳ್ರಿ ನೋಡೂಣು” ಎಂದರು. ಆ ಉಪಕಾರವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ರಾಣೇಬೆನ್ನೂರಿನಿಂದ ಹೊರಟೆ, ಒಂದೊಂದೇ ಊರು ಹೇಳುತ್ತ ಬಂದೆ. ಮೋಟೆಬೆನ್ನೂರು ಅಂದೆ. ಹಾವೇರಿ ಅನ್ನುವ ಮೊದಲೇ ಮಗು ಅತ್ತಿತು. ಹೆಣ್ಣು.

ಅತ್ತ ದನಿ ದೊಡ್ಡದಾಗಿಯೇ ಇತ್ತು. ಆದರೆ ಅಳುವುದರಿಂದ ಏನೂ ಗೊತ್ತಾಗುವುದಿಲ್ಲ ಎಂದು ಅಷ್ಟರಲ್ಲಿ ಕಲಿತಿದ್ದೆ. ಮೂರನೆಯ ದಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಇಷ್ಟೇ ಇಷ್ಟು ಪಾದ, ಅದರಿಂದ ರಕ್ತ ಹಿಂಡುವಾಗ ನಾನು ಗೋಡೆಯ ಕಡೆ ತಿರುಗಿದೆ. ವರದಿ ಬರುವವರೆಗೆ ಅತ್ತೆ ತಪಾಸಣೆ ತಮ್ಮ ಕೈಗೆ ತೆಗೆದುಕೊಂಡರು. ಸಿಕ್ಕಾಗಲೆಲ್ಲ ಮೊಮ್ಮಗಳ ಕುತ್ತಿಗೆಯನ್ನು ಒಂದು ಬೆರಳಿನಿಂದ ಸವರಿ, “ಏನೋ ಐತಿ ನೋಡ, ಕೈಗೆ ಹತ್ತತೈತಿ” ಅನ್ನುವರು. ಒಮ್ಮೆ ಹೊಗಳಿದ ನುಣುಪಿನ ಮೇಲೆ ಈಗ ಅವರಿಗೆ ನಂಬಿಕೆ ಹೋಗಿತ್ತು.

ವರದಿ ಸರಿ ಬಂತು. ಅದೇ ಸ್ಕ್ಯಾನ್ ಮೇಡಂ ಮಗುವಿನ ಕುತ್ತಿಗೆ ನೋಡಿ, ಪರದೆಯ ಮೇಲೆ ಎರಡು ಸಣ್ಣ ಬೂದುಬಣ್ಣದ ಮಚ್ಚೆ ತೋರಿಸಿದರು. ಗ್ರಂಥಿ ಇಳಿದು ತನ್ನ ಜಾಗಕ್ಕೆ ಬಂದು ಕುಳಿತಿತ್ತು. ಅತ್ತೆ ಪರದೆಗೇ ಕೈ ಮುಗಿದರು. ನನ್ನ ಎದೆಯ ಭಾರದಲ್ಲಿ ಅರ್ಧ ಇಳಿಯಿತು. ಇನ್ನರ್ಧ ಆ ಹಿಂದಿನ ತಿಂಗಳುಗಳದ್ದು. ಅದನ್ನು ಹೇಳುವ ಪರೀಕ್ಷೆ ಇಲ್ಲ, ಮಗು ಬೆಳೆಯುವುದನ್ನೇ ನೋಡಬೇಕು ಎಂದಿದ್ದರು.

ನೋಡಿದೆ. ಗೌರಿ ಎಂದು ಹೆಸರಿಟ್ಟ ಮಗಳು ಕತ್ತು ನಿಲ್ಲಿಸಿದಳು, ಕೂತಳು, ಅಂಬೆಗಾಲಿಟ್ಟಳು, ನಡೆದಳು. ಎಲ್ಲ ಒಂದಿಷ್ಟು ತಡ, ಆದರೂ ಆಯಿತು. ಮಾತು ಮಾತ್ರ ಬರಲಿಲ್ಲ. ವರ್ಷ ತುಂಬಿ ಮತ್ತೆಷ್ಟೋ ತಿಂಗಳಾದರೂ ಅವ್ವ ಇಲ್ಲ, ಅಪ್ಪ ಇಲ್ಲ. ಬೇಕಾದದ್ದಕ್ಕೆ ಕೈ ತೋರಿಸುವಳು, ಉಳಿದದ್ದಕ್ಕೆ ನಗುವಳು. “ಕೆಲವು ತಡಾ ಮಾತಾಡ್ತಾವು ತಗೋ, ವೀರೇಶನೂ ತಡಾ” ಎನ್ನುತ್ತಿದ್ದರು ಅತ್ತೆ. ನಾನು ಡ್ಯೂಟಿಗೆ ಮರಳಿದ್ದೆ. ಬಸ್ಸಿನಲ್ಲಿ ಅವಳ ವಯಸ್ಸಿನ ಮಕ್ಕಳು ಕಿಟಕಿ ಹಿಡಿದು ಎಮ್ಮೆ, ಲಾರಿ ಎಂದು ಕೂಗಿದರೆ ಟಿಕೆಟ್ ಕೊಡುವ ಕೈ ತಡೆಯುತ್ತಿತ್ತು. ಆ ತಾಯಂದಿರ ಮೇಲೆ ಹೊಟ್ಟೆಕಿಚ್ಚು ಬರುತ್ತಿತ್ತು. ಮನೆಗೆ ಬಂದು ಗೌರಿಯ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ. ನನ್ನ ನಾಲಿಗೆಯ ಬುಡದಲ್ಲಿ ಉಳಿದದ್ದು ಅವಳ ಮಾತನ್ನು ತಿಂದಿತೇ ಎಂದು ಯಾರನ್ನು ಕೇಳಲಿ?

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ರಜೆಯಿತ್ತು, ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಗಿರಣಿ ಜೋರಾಗಿ ನಡೆದಿತ್ತು, ಡಬ್ಬಿ ಹಿಡಿದ ಹೆಂಗಸರು ಸಾಲು ನಿಂತಿದ್ದರು. ಗೌರಿ ಯಾವ ಮಾಯದಲ್ಲೋ ತಾಡಪತ್ರಿ ಸರಿಸಿ ಗಿರಣಿಯ ಬಾಗಿಲಿಗೆ ಹೋಗಿ ನಿಂತಳು. ಹಿಟ್ಟಿನ ಕೈಯಲ್ಲೇ ಓಡಿದೆ. ನಾನು ಮುಟ್ಟುವ ಮೊದಲೇ ಅವಳು ಸೀನಿದಳು, ಮತ್ತೆ ಸೀನಿದಳು, ಕಣ್ಣು ಮೂಗು ಎರಡೂ ಸುರಿದವು. ಅಂಗೈಯಿಂದ ಮೂಗು ಉಜ್ಜಿಕೊಂಡು, ಅಜ್ಜಿಯನ್ನು ದುರುಗುಟ್ಟಿ ನೋಡಿ, ಗಿರಣಿಯ ಸದ್ದನ್ನೂ ಮೀರಿಸಿ ಕೂಗಿದಳು.

“ಘಾಟ!”

ಅತ್ತೆಯ ಕೈ ಗಿರಣಿಯ ಗುಂಡಿಯ ಮೇಲೆ ಹೋಯಿತು. ಗಿರಣಿ ನಿಂತಿತು. ಸಾಲಿನಲ್ಲಿದ್ದವರಿಗೆ ಏನಾಯಿತೆಂದು ತಿಳಿಯಲಿಲ್ಲ. ಅತ್ತೆ ಮೂಗಿನ ಬಟ್ಟೆ ಕೆಳಗೆಳೆದು, ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತರು.

“ಏನಂದ್ಯವಾ? ಇನ್ನೊಮ್ಮೆ ಅನ್ನು.”

“ಘಾಟ ಐತಿ, ಅಜ್ಜಿ” ಎಂದಳು ಗೌರಿ.

ಒಂದು ಶಬ್ದಕ್ಕೆ ಕಾದವಳಿಗೆ ಮೂರು ಸಿಕ್ಕಿದ್ದವು. ನಾನು ಬಾಗಿಲಲ್ಲೇ ಕುಸಿದು ಕುಳಿತು, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಜೋರಾಗಿ ಅತ್ತುಬಿಟ್ಟೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಗಾಬರಿಯಾಗಿ, “ಯಾಕವಾ, ಏನಾತು?” ಎಂದು ಕೇಳಿದಳು.

ಅತ್ತೆ ಮೊಮ್ಮಗಳನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡರು. ಅವರ ಕಣ್ಣೂ ಸುರಿಯುತ್ತಿತ್ತು. “ಏನಿಲ್ಲ ಬಿಡ್ರಿ” ಎಂದರು, “ಘಾಟ ಹೊಡದೈತಿ.”